ಪ್ಲಮ್ಮಿನ ಪೆಟ್ಟಿಗೆ, ಬಾರಿಯ ಬುಟ್ಟಿ

(ಉಪನ್ಯಾಸದ ಪಠ್ಯ)



ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೊರಟ ಚಿಗರಿ ಬಸ್ಸು ಉಣಕಲ್ ದಾಟಿದ ಮೇಲೆ ಬೈರಿದೇವರಕೊಪ್ಪದಲ್ಲಿ ನಿಲ್ಲುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ಈ ರಸ್ತೆಯ ಹಣ್ಣಿನ ಗಾಡಿಗಳ ಮೇಲೆ ಒಂದು ಹೊಸ ಅತಿಥಿ ಕಾಣಿಸಿಕೊಳ್ಳುತ್ತದೆ. ಕೆಂಪು, ನೇರಳೆ ಬಣ್ಣ ಬೆರೆತ ನುಣುಪು ಸಿಪ್ಪೆ, ಅದರ ಮೇಲೆ ಬೂದಿ ಸವರಿದಂತೆ ತೆಳ್ಳನೆಯ ಮಬ್ಬು, ಕಾಗದ ಹಾಸಿದ ರಟ್ಟಿನ ಪೆಟ್ಟಿಗೆ. ಹೆಸರು ಪ್ಲಮ್. ಬೆಲೆ ಕೇಳಿದವರು ಒಮ್ಮೆ ಹುಬ್ಬೇರಿಸಿ, ಮನೆಯಲ್ಲಿ ಹುಷಾರಿಲ್ಲದವರು ಯಾರಾದರೂ ಇದ್ದರೆ ಕಾಲು ಕಿಲೋ ಕಟ್ಟಿಸಿಕೊಂಡು ಹೋಗುತ್ತಾರೆ.

ಅದೇ ರಸ್ತೆಗೆ ಮಾಗಿಯ ಚಳಿ ಬಂದಾಗ ಇನ್ನೊಂದು ಹಣ್ಣು ಬರುತ್ತದೆ. ಅದಕ್ಕೆ ಪೆಟ್ಟಿಗೆ ಇಲ್ಲ. ಬುಟ್ಟಿಯಲ್ಲಿ ಇಲ್ಲವೇ ಹಾಸಿದ ಗೋಣಿಚೀಲದ ಮೇಲೆ ಗುಡ್ಡೆ ಹಾಕಿ, ಶಾಲೆಯ ಬಾಗಿಲ ಬಳಿ ಕುಳಿತ ಮುದುಕಿ ಅದನ್ನು ಡಬ್ಬಿಯಲ್ಲಿ ಅಳೆದು ಮಕ್ಕಳ ಬೊಗಸೆಗೆ ಸುರಿಯುತ್ತಾಳೆ. ಮೇಲೊಂದು ಚಿಟಿಕೆ ಉಪ್ಪು-ಖಾರ. ಹೆಸರು ಬಾರಿಹಣ್ಣು. ಹುಷಾರಿಲ್ಲದವರಿಗೆ ಯಾರೂ ಇದನ್ನು ಒಯ್ಯುವುದಿಲ್ಲ. ಬದಲಿಗೆ, ತಿಂದರೆ ಕೆಮ್ಮು ಬರುತ್ತದೆ ಎಂದು ಮಕ್ಕಳ ಕೈಯಿಂದ ಕಸಿದು ಎಸೆಯುವ ತಾಯಂದಿರೇ ಹೆಚ್ಚು.

ಈ ಎರಡು ಹಣ್ಣುಗಳ ಸುಗ್ಗಿ ಬೇರೆ ಬೇರೆ. ಆದ್ದರಿಂದ ಅವು ಒಂದೇ ಗಾಡಿಯ ಮೇಲೆ ಎದುರುಬದುರು ಕೂರುವುದಿಲ್ಲ, ಯಾರೂ ಅವುಗಳನ್ನು ತೂಗಿ ನೋಡುವುದಿಲ್ಲ. ಇಂದು ಆ ಕೆಲಸ ಮಾಡಬೇಕಾಗಿದೆ. ಏಕೆಂದರೆ ಪ್ಲಮ್ ಹಣ್ಣಿನ ಆರೋಗ್ಯಗುಣಗಳ ಬಗ್ಗೆ ಈಗ ಮನೆಮನೆಯಲ್ಲೂ ಮಾತು ನಡೆಯುತ್ತಿದೆ. ಆ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ, ಮತ್ತು ಆ ಗುಣಗಳು ಈ ನೆಲದ ಯಾವ ಹಣ್ಣಿನಲ್ಲಿ ಆಗಲೇ ಇದ್ದವು ಎಂಬುದನ್ನು ವಿಚಾರಿಸುವುದು ಸೂಕ್ತ.

ಮೊದಲು ಹೆಸರಿನ ಗೊಂದಲ. ಪ್ಲಮ್‌ಗೆ ಕನ್ನಡದಲ್ಲಿ ಸ್ವಂತ ಹೆಸರಿಲ್ಲ. ಆದರೆ ಒಣಗಿಸಿದ ಪ್ಲಮ್ ಕಿರಾಣಿ ಅಂಗಡಿಗಳಿಗೆ ಹೊಸದಲ್ಲ. ಆಲೂಬುಖಾರಾ ಎಂದು ಕೇಳಿದರೆ ಹಳೆಯ ಅಂಗಡಿಕಾರರು ಡಬ್ಬಿ ತೆರೆದು ಕೊಡುತ್ತಾರೆ. ಫಾರಸಿ ಭಾಷೆಯಲ್ಲಿ ‘ಆಲೂ’ ಎಂದರೆ ಪ್ಲಮ್ ಹಣ್ಣು. ಬುಖಾರಾ ಇಂದಿನ ಉಜ್ಬೆಕಿಸ್ತಾನದ ಊರು. ಜರ್ದಾಳು ಎನ್ನುವ ಒಣಹಣ್ಣಿನ ಹೆಸರೂ ಇದೇ ಮನೆತನದ್ದು. ಹಳದಿ ಆಲೂ ಎಂದು ಅದರ ಅರ್ಥ. ಯುನಾನಿ ವೈದ್ಯರ ಔಷಧಿಗಳಲ್ಲಿ ಆಲೂಬುಖಾರಾಕ್ಕೆ ಹಳೆಯ ಸ್ಥಾನವಿದೆ. ಹಾಗೆ ನೋಡಿದರೆ ಪ್ಲಮ್ ಈ ಊರಿಗೆ ಹಸಿಯಾಗಿ ಬರುವ ಮುಂಚೆ ಒಣಗಿ ಬಂದಿತ್ತು.

ಗೊಂದಲ ಹೆಚ್ಚಿದ್ದು ಇಂಗ್ಲಿಷರಿಂದ. ತಮಗೆ ಪರಿಚಯವಿದ್ದ ಹಣ್ಣಿನ ಹೆಸರನ್ನೇ ಕಂಡಕಂಡ ಹಣ್ಣಿಗೆಲ್ಲ ಅಂಟಿಸುವ ಅಭ್ಯಾಸ ಅವರದು. ಬಾರಿಹಣ್ಣು ‘ಇಂಡಿಯನ್ ಪ್ಲಮ್’ ಆಯಿತು, ನೇರಳೆ ‘ಜಾವಾ ಪ್ಲಮ್’ ಆಯಿತು. ಸಸ್ಯಶಾಸ್ತ್ರದ ಪ್ರಕಾರ ಮೂವರೂ ಒಂದೇ ಕುಟುಂಬದವರಲ್ಲ. ಪ್ಲಮ್ ಗುಲಾಬಿಯ ಕುಟುಂಬದ್ದು. ಬಾದಾಮಿ, ಪೀಚ್ ಅದರ ಅಣ್ಣತಮ್ಮಂದಿರು. ನೇರಳೆ ಪೇರಲ ಮತ್ತು ಲವಂಗದ ಕುಟುಂಬದ್ದು. ಬಾರಿಯದು ಇವೆರಡಕ್ಕೂ ಸೇರದ ಮೂರನೆಯ ಕುಟುಂಬ. ಕ್ರಿಸ್‌ಮಸ್ ಹೊತ್ತಿಗೆ ಬೇಕರಿಗಳಲ್ಲಿ ಮಾರುವ ಪ್ಲಮ್ ಕೇಕಿನಲ್ಲಂತೂ ಸಾಮಾನ್ಯವಾಗಿ ಪ್ಲಮ್ಮೇ ಇರುವುದಿಲ್ಲ. ಹಿಂದಿನ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಯನ್ನೂ ಪ್ಲಮ್ ಎನ್ನುತ್ತಿದ್ದರು, ಆ ಹೆಸರು ಕೇಕಿನಲ್ಲಿ ಉಳಿದುಕೊಂಡಿದೆ ಅಷ್ಟೆ.

ಗಾಡಿಯ ಮೇಲೆ ಕಾಣುವ ಪ್ಲಮ್ ಬಹುಮಟ್ಟಿಗೆ ಹಿಮಾಚಲ ಪ್ರದೇಶದಂಥ ಚಳಿ ನಾಡಿನದು. ಅಲ್ಲಿ ಹೆಚ್ಚಾಗಿ ಬೆಳೆಯುವ ತಳಿಗೆ ಸಾಂಟಾ ರೋಸಾ ಎಂದು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೂಥರ್ ಬರ್‌ಬ್ಯಾಂಕ್ ಎಂಬ ಸಸ್ಯ ತಳಿಗಾರ ಜಪಾನಿ ಪ್ಲಮ್‌ಗಳನ್ನು ಬೆರೆಸಿ ರೂಪಿಸಿ, 1906ರಲ್ಲಿ ತನ್ನ ಊರಿನ ಹೆಸರಿಟ್ಟು ಹೊರತಂದ ತಳಿ ಅದು. ಪ್ಲಮ್ ಗಿಡಕ್ಕೆ ಚಳಿಗಾಲದಲ್ಲಿ ನೂರಾರು ಗಂಟೆಗಳ ಗಡಗಡ ಚಳಿ ಬೇಕು. ಆ ಚಳಿ ಉಣ್ಣದಿದ್ದರೆ ಮೊಗ್ಗು ಸರಿಯಾಗಿ ಬಿಚ್ಚುವುದಿಲ್ಲ. ದಕ್ಷಿಣದಲ್ಲಿ ನೀಲಗಿರಿ, ಕೊಡೈಕೆನಾಲ್ ಬೆಟ್ಟಗಳ ಮೇಲೆ ಅದು ಬೆಳೆಯುತ್ತದೆ. ಧಾರವಾಡದ ಚಳಿ ಸ್ವೆಟರಿಗೆ ಸಾಕು, ಪ್ಲಮ್ಮಿಗೆ ಸಾಲದು.

ಇನ್ನು ಅದರ ಪೋಷಕಾಂಶ. ನೂರು ಗ್ರಾಂ ತಾಜಾ ಪ್ಲಮ್ಮಿನಲ್ಲಿ ಸುಮಾರು 87 ಗ್ರಾಂ ನೀರೇ ಇರುತ್ತದೆ. ಶಕ್ತಿ 46 ಕ್ಯಾಲರಿ, ಸಕ್ಕರೆ ಸುಮಾರು 10 ಗ್ರಾಂ, ನಾರು ಒಂದೂವರೆ ಗ್ರಾಂನಷ್ಟು, ‘ಸಿ’ ಜೀವಸತ್ವ 9-10 ಮಿಲಿಗ್ರಾಂ, ಪೊಟ್ಯಾಸಿಯಂ 157 ಮಿಲಿಗ್ರಾಂ. ಸಿಪ್ಪೆಯ ಕೆಂಪು-ನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್ ಎಂಬ ವರ್ಣದ್ರವ್ಯ ಜೀವಕೋಶಗಳ ಸವಕಳಿ ತಡೆಯಬಲ್ಲ ಗುಣವುಳ್ಳದ್ದು ಎಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಹೊಟ್ಟೆಗೆ ಹಗುರ, ಬಾಯಿಗೆ ರುಚಿ, ರಕ್ತದ ಸಕ್ಕರೆಯನ್ನು ಗಕ್ಕನೆ ಏರಿಸದ ಹಣ್ಣು. ಒಳ್ಳೆಯ ಹಣ್ಣೇ ಸರಿ. ಆದರೆ ಇದು ಸಂಜೀವಿನಿ ಎನ್ನುವಂಥ ಅಂಕಿ ಯಾವುದೂ ಈ ಪಟ್ಟಿಯಲ್ಲಿ ಇಲ್ಲ.

ಪ್ಲಮ್ಮಿನ ಕೀರ್ತಿಗೆ ನಿಜವಾದ ಆಧಾರ ಇರುವುದು ಒಣಗಿಸಿದ ಹಣ್ಣಿನಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರೂನ್ ಎನ್ನುತ್ತಾರೆ. ಆ ಹೆಸರು ಕೇಳಿದರೆ ಅಮೆರಿಕದವರಿಗೆ ಮಲಬದ್ಧತೆಯ ಮುದುಕರೇ ನೆನಪಾಗುತ್ತಿದ್ದರಂತೆ. ಬೆಳೆಗಾರರ ಕೋರಿಕೆಯ ಮೇಲೆ ಅಲ್ಲಿನ ಸರಕಾರ 2000ದಲ್ಲಿ ‘ಒಣ ಪ್ಲಮ್’ ಎಂದು ಕರೆದು ಮಾರಲು ಅನುಮತಿ ಕೊಟ್ಟಿತು. ಹೆಸರು ಬದಲಾದರೂ ಗುಣ ಅದೇ. ನೂರು ಗ್ರಾಂ ಒಣಹಣ್ಣಿನಲ್ಲಿ 7 ಗ್ರಾಂ ನಾರು, ಜೊತೆಗೆ ಸಾರ್ಬಿಟಾಲ್ ಎಂಬ ನಿಧಾನವಾಗಿ ಜೀರ್ಣವಾಗುವ ಸಿಹಿ ಪದಾರ್ಥ 14-15 ಗ್ರಾಂನಷ್ಟು. ಈ ಸಾರ್ಬಿಟಾಲ್ ಕರುಳಿನಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಲ ಮೆದುವಾಗುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೈದ್ಯರು 40 ಮಂದಿ ಮಲಬದ್ಧತೆಯ ರೋಗಿಗಳಿಗೆ ದಿನಕ್ಕೆ ಎರಡು ಬಾರಿ 50 ಗ್ರಾಂ ಒಣಪ್ಲಮ್ ಮತ್ತು ಬೇರೆ ಅವಧಿಯಲ್ಲಿ ಇಸಬಗೋಲು ಕೊಟ್ಟು ಹೋಲಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಪ್ಲಮ್ಮೇ ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂತು.

ಎಲುಬಿನ ವಿಷಯದಲ್ಲಿಯೂ ಗಮನಾರ್ಹ ಅಧ್ಯಯನವೊಂದಿದೆ. ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮುಟ್ಟು ನಿಂತ 235 ಮಹಿಳೆಯರನ್ನು ಒಂದು ವರ್ಷ ಗಮನಿಸಲಾಯಿತು. ದಿನಕ್ಕೆ 50 ಗ್ರಾಂ, ಅಂದರೆ ಐದಾರು ಒಣಪ್ಲಮ್ ತಿಂದವರ ಸೊಂಟದ ಎಲುಬಿನ ಸಾಂದ್ರತೆ ಉಳಿದುಕೊಂಡಿತು, ತಿನ್ನದವರದು ಕುಗ್ಗಿತು ಎಂದು 2022ರಲ್ಲಿ ಪ್ರಕಟವಾಯಿತು. ಇದರಿಂದ ಸವೆದ ಎಲುಬು ಮತ್ತೆ ಬೆಳೆಯಿತೆಂದು ಯಾರೂ ಹೇಳಿಲ್ಲ, ಸವೆತ ತಡವಾಯಿತು ಎಂದಷ್ಟೇ ತಿಳಿಯಬೇಕು. ಇನ್ನೊಂದು ಮುಖವೂ ಉಂಟು. ಒಣಗಿದ ಹಣ್ಣಿನಲ್ಲಿ ಸಕ್ಕರೆ ಗಟ್ಟಿಯಾಗಿರುತ್ತದೆ, ನೂರು ಗ್ರಾಂಗೆ 240 ಕ್ಯಾಲರಿ. ಪೊಟ್ಯಾಸಿಯಂ 700 ಮಿಲಿಗ್ರಾಂ ದಾಟುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಪ್ಲಮ್ಮಿನ ಓಟೆ ಒಡೆದು ಒಳಗಿನ ಬೀಜ ತಿನ್ನುವ ಸಾಹಸವೂ ಬೇಡ. ಅದರಲ್ಲಿರುವ ಅಮಿಗ್ಡಾಲಿನ್ ಹೊಟ್ಟೆಯಲ್ಲಿ ಸಯನೈಡಾಗಿ ಮಾರ್ಪಡುತ್ತದೆ.

ಈಗ ಬುಟ್ಟಿಯ ಕಡೆ ಬರೋಣ.

1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯಾಧಿಕಾರಿ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಪುಟ್ಟ ಪ್ರಯೋಗಶಾಲೆ ಆರಂಭಿಸಿದ. ಅದೇ ಬೆಳೆದು ಪೋಷಣೆಯ ಸಂಶೋಧನಾಲಯವಾಯಿತು. ಅವನ ನಂತರ ಬಂದ ಡಬ್ಲ್ಯು. ಆರ್. ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕ ಮೌಲ್ಯಗಳ ಪಟ್ಟಿಯನ್ನು ಪುಸ್ತಕವಾಗಿ ತಂದ. ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆ ಎನಿಸಿಕೊಂಡಿತು. ಆ ಪಟ್ಟಿಯೂ ತಲೆಮಾರಿನಿಂದ ತಲೆಮಾರಿಗೆ ತಿದ್ದಿಕೊಳ್ಳುತ್ತಾ ಬಂತು. ಅಕ್ಕಿ, ಜೋಳ, ರಾಗಿಗಳ ಜೊತೆಗೆ ಹೊಲದ ಬದುವಿನ ಹಣ್ಣುಗಳನ್ನೂ ತಂದು, ತೂಗಿ, ಅರೆದು, ಅಳೆದು ಬರೆದದ್ದು ಆ ವಿಜ್ಞಾನಿಗಳ ದೊಡ್ಡತನ.

ಆ ಸಂಸ್ಥೆಯ ಪಟ್ಟಿಯಲ್ಲಿ ಬಾರಿಹಣ್ಣಿನ ಮುಂದೆ ಇರುವ ಅಂಕಿ ಹೀಗಿದೆ: ನೂರು ಗ್ರಾಂ ತಿರುಳಿಗೆ 74 ಕ್ಯಾಲರಿ, ‘ಸಿ’ ಜೀವಸತ್ವ 76 ಮಿಲಿಗ್ರಾಂ. ಪ್ಲಮ್ಮಿನದು ಹತ್ತರ ಒಳಗೆ ಎಂಬುದು ನೆನಪಿರಲಿ. ಅಂದರೆ ಏಳೆಂಟು ಪಟ್ಟು ಹೆಚ್ಚು. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65 ಮಿಲಿಗ್ರಾಂ ‘ಸಿ’ ಜೀವಸತ್ವ ಬೇಕೆಂದು ಗೊತ್ತುಮಾಡಿತು. ಒಂದು ದೊಡ್ಡ ಹಿಡಿ ಮಾಗಿದ ಬಾರಿಹಣ್ಣಿನಿಂದ ಹೆಂಗಸಿನ ಒಂದು ದಿನದ ಅಗತ್ಯ ಹೆಚ್ಚುಕಡಿಮೆ ತುಂಬುತ್ತದೆ. ತಳಿ, ಮಾಗಿದ ಹದ, ಕಿತ್ತು ಎಷ್ಟು ದಿನವಾಯಿತು ಎಂಬುದರ ಮೇಲೆ ಅಂಕಿ ಏರುಪೇರಾಗುತ್ತದೆ ನಿಜ. ನೆಲ್ಲಿಕಾಯಿ, ಪೇರಲ ಈ ವಿಷಯದಲ್ಲಿ ಬಾರಿಗಿಂತ ಮುಂದಿವೆ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಗಮನಿಸಬೇಕಾದದ್ದು ಏನೆಂದರೆ, ಮುಂದಿರುವ ಮೂರೂ ಹಣ್ಣುಗಳು ಶಾಲೆಯ ಬಾಗಿಲ ಮುದುಕಿಯ ಬುಟ್ಟಿಯವೇ.

‘ಸಿ’ ಜೀವಸತ್ವ ಏಕೆ ಇಷ್ಟು ಮುಖ್ಯ? ನೆಗಡಿಗೆ ಒಳ್ಳೆಯದು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಿದೆ. ಆದರೆ ಉತ್ತರ ಕರ್ನಾಟಕದ ಮಟ್ಟಿಗೆ ಹೆಚ್ಚು ತೂಕದ ಉತ್ತರ ಬೇರೆಯೇ ಇದೆ. ಅದು ರಕ್ತಕ್ಕೆ ಸಂಬಂಧಿಸಿದ್ದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019ರಿಂದ 2021ರವರೆಗೆ ನಡೆಯಿತು. ಅದರ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8. ಇದೇ ಸಭೆಯಲ್ಲಿ ಕುಳಿತ ತಾಯಂದಿರನ್ನು ಎರಡು ಸಾಲು ಮಾಡಿ ನಿಲ್ಲಿಸಿದರೆ ಒಂದು ಸಾಲು ಹೆಚ್ಚುಕಡಿಮೆ ರಕ್ತಹೀನರದು ಎಂದ ಹಾಗಾಯಿತು. ರಕ್ತಹೀನತೆಗೆ ಹುಳುಬಾಧೆ, ಹೆರಿಗೆ, ಬೇರೆ ಜೀವಸತ್ವಗಳ ಕೊರತೆ ಹೀಗೆ ಕಾರಣಗಳು ಹಲವು. ಮುಖ್ಯವಾದ ಒಂದು ಕಾರಣ ಕಬ್ಬಿಣಾಂಶದ ಕೊರತೆ.

ಇಲ್ಲೊಂದು ಒಗಟಿದೆ. ಜೋಳದ ರೊಟ್ಟಿ ಉಣ್ಣುವ ನಾಡಿನಲ್ಲಿ ಕಬ್ಬಿಣದ ಕೊರತೆ ಏಕೆ ಬರಬೇಕು? ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶ ಇದೆ. ಮೆಂತೆ ಪಲ್ಲೆ, ಹೆಸರುಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳಿಂದಲೂ ಒಂದಿಷ್ಟು ಬರುತ್ತದೆ. ತಟ್ಟೆಯಲ್ಲಿ ಕಬ್ಬಿಣ ಇದೆ, ರಕ್ತದಲ್ಲಿ ಇಲ್ಲ! ಏಕೆಂದರೆ ಕಾಳುಕಡಿಯಲ್ಲಿರುವ ಕಬ್ಬಿಣವನ್ನು ಫೈಟೇಟ್ ಎಂಬ ಪದಾರ್ಥ ಬಿಗಿಯಾಗಿ ಕಟ್ಟಿಹಾಕಿರುತ್ತದೆ. ಉಂಡ ಕಬ್ಬಿಣದಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ರಕ್ತ ಸೇರಿದರೆ ದೊಡ್ಡದು, ಉಳಿದದ್ದು ಬಂದ ದಾರಿ ಹಿಡಿಯುತ್ತದೆ. ಉಂಡ ಕೂಡಲೇ ಒಂದು ಕಪ್ಪು ಚಹಾ ಕುಡಿದರಂತೂ ಅದರಲ್ಲಿನ ಟ್ಯಾನಿನ್ ಇನ್ನಷ್ಟು ಗಂಟು ಹಾಕುತ್ತದೆ. ಊಟದ ಬೆನ್ನಿಗೆ ಚಹಾ ಎಂಬುದು ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟು ಮನೆಗಳ ರೂಢಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈ ಗಂಟು ಬಿಚ್ಚುವ ಕೆಲಸವನ್ನು ‘ಸಿ’ ಜೀವಸತ್ವ ಮಾಡುತ್ತದೆ. ಕಬ್ಬಿಣದ ಅಣುವನ್ನು ಅದು ಕರುಳು ಹೀರಬಲ್ಲ ರೂಪಕ್ಕೆ ಬದಲಾಯಿಸುತ್ತದೆ, ಮತ್ತೆ ಕಟ್ಟುಬೀಳದಂತೆ ಕರಗಿಸಿ ಇಡುತ್ತದೆ. ಆದರೆ ಒಂದು ಶರತ್ತು ಉಂಟು. ಎರಡೂ ಒಂದೇ ಹೊತ್ತಿಗೆ ಹೊಟ್ಟೆಯಲ್ಲಿ ಭೇಟಿಯಾಗಬೇಕು. ಬೆಳಿಗ್ಗೆ ತಿಂದ ಹಣ್ಣು ರಾತ್ರಿಯ ರೊಟ್ಟಿಗೆ ಸಹಾಯ ಮಾಡದು. ರೊಟ್ಟಿ, ಪಲ್ಲೆ ಉಂಡು ಏಳುವ ಮುನ್ನ ಒಂದು ಹಿಡಿ ಬಾರಿಹಣ್ಣೋ ಒಂದು ಪೇರಲವೋ ತಿಂದು, ಚಹಾವನ್ನು ಒಂದೆರಡು ಗಂಟೆ ಮುಂದಕ್ಕೆ ಹಾಕಿದರೆ ಅದೇ ತಟ್ಟೆಯ ಕಬ್ಬಿಣ ಹೆಚ್ಚು ದಕ್ಕುತ್ತದೆ. ಖರ್ಚು ಎಷ್ಟೆಂದು ನೀವೇ ಲೆಕ್ಕ ಹಾಕಬಹುದು. ರಕ್ತ ಆಗಲೇ ತೀರ ಕಡಿಮೆ ಇದ್ದವರಿಗೆ, ಬಸುರಿಯರಿಗೆ ಹಣ್ಣೊಂದೇ ಸಾಲದು. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯನ್ನು ನುಂಗಲೇಬೇಕು. ಆ ಮಾತ್ರೆಯನ್ನೂ ಚಹಾದ ಜೊತೆ ನುಂಗಬಾರದು.

ಬಾರಿ ತಿಂದರೆ ಕೆಮ್ಮು ಬರುತ್ತದೆ ಎಂಬ ಮಾತಿಗೂ ಎರಡು ಶಬ್ದ. ಹಣ್ಣು ಬರುವುದೇ ಚಳಿಗಾಲದಲ್ಲಿ, ಮಕ್ಕಳಿಗೆ ನೆಗಡಿ ಕೆಮ್ಮು ಬರುವುದೂ ಅದೇ ಕಾಲದಲ್ಲಿ. ಜೊತೆಗೆ ಹುಳಿಹಣ್ಣಿನ ಮೇಲೆ ಸುರಿದ ಖಾರಪುಡಿ ಗಂಟಲು ಕೆರೆಸುವುದುಂಟು. ತೊಳೆಯದ ಹಣ್ಣು, ರಸ್ತೆಯ ಧೂಳು ಬೇರೆ. ತಪ್ಪು ಬಾರಿಯದಲ್ಲ. ಹುಳುಕಿನ ದೂರು ಮಾತ್ರ ನಿಜ. ಬಾರಿಹಣ್ಣಿಗೆಂದೇ ಹುಟ್ಟಿದ ಒಂದು ಜಾತಿಯ ನೊಣ ಕಾಯಿಯೊಳಗೆ ಮೊಟ್ಟೆಯಿಡುತ್ತದೆ. ಆದ್ದರಿಂದ ಹಣ್ಣನ್ನು ಇಬ್ಭಾಗ ಮಾಡಿ ನೋಡಿ ತಿನ್ನುವುದು ಲೇಸು.

ಬಾರಿಗೆ ಇರುವ ಹೆಸರುಗಳನ್ನು ನೋಡಿದರೆ ಅದು ಎಷ್ಟು ಹಳೆಯ ಒಡನಾಡಿ ಎಂಬುದು ಗೊತ್ತಾಗುತ್ತದೆ. ಹಳೆ ಮೈಸೂರಿನ ಕಡೆ ಎಲಚಿ, ಇನ್ನು ಕೆಲವೆಡೆ ಬೋರೆ. ಸಂಸ್ಕೃತದಲ್ಲಿ ಬದರ. ಯಜ್ಞಗಳ ವಿಧಿ ಹೇಳುವ ಶತಪಥ ಬ್ರಾಹ್ಮಣದಲ್ಲಿ ಬದರ, ಕುವಲ, ಕರ್ಕಂಧು ಎಂದು ಇದರ ಮೂರು ಬಗೆಗಳ ಹೆಸರು ಬರುತ್ತದೆ. ಬದರಿಕಾಶ್ರಮ, ಬಾದರಾಯಣ ಎಂಬ ಹೆಸರುಗಳ ಹಿಂದೆ ಇರುವುದೂ ಇದೇ ಮುಳ್ಳುಮರ. ಅದಕ್ಕಿಂತ ಹಿಂದೆ ಹೋದರೆ ಇಂದಿನ ಪಾಕಿಸ್ತಾನದ ಮೆಹರ್‌ಗಢದ ನವಶಿಲಾಯುಗದ ಪದರಗಳಲ್ಲಿ ಬಾರಿಯ ಓಟೆ ಸಿಕ್ಕಿದೆ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನೆಲೆಗಳಲ್ಲಿ ಬೂದಿಗುಡ್ಡ ಹಾಕಿ ದನ ಕಾಯುತ್ತಿದ್ದ ಜನರ ಒಲೆಯ ಮಣ್ಣಿನಿಂದಲೂ ಸುಟ್ಟ ಬಾರಿ ಓಟೆಯ ಚೂರುಗಳನ್ನು ಸಂಶೋಧಕರು ಸೋಸಿ ತೆಗೆದಿದ್ದಾರೆ. ಜೋಳ ಆಫ್ರಿಕದಿಂದ ಬಂದದ್ದು, ಮೆಣಸಿನಕಾಯಿ, ಶೇಂಗಾ, ಪೇರಲ ಅಮೆರಿಕ ಖಂಡದಿಂದ ಬಂದವು. ಧಾರವಾಡದ ತಟ್ಟೆಯಲ್ಲಿ ಬಾರಿಯಷ್ಟು ಹಳಬರು ಹೆಚ್ಚು ಜನ ಇಲ್ಲ.

ಶಬರಿಯ ಕತೆ ಎಲ್ಲರಿಗೂ ತಿಳಿದದ್ದು. ವಾಲ್ಮೀಕಿ ರಾಮಾಯಣದಲ್ಲಿ ಆಕೆ ಕಾಡಿನ ನಾನಾ ಬಗೆಯ ಹಣ್ಣುಹಂಪಲು ಕೂಡಿಟ್ಟಿದ್ದಳು ಎಂದಷ್ಟೇ ಇದೆ. ಒಂದೊಂದನ್ನೇ ಕಚ್ಚಿ, ಸಿಹಿಯಾದದ್ದನ್ನು ರಾಮನಿಗೆ ಕೊಟ್ಟಳು, ಅದು ಬಾರಿಹಣ್ಣು ಎಂಬುದು ಜನರು ನಂತರ ಸೇರಿಸಿಕೊಂಡದ್ದು. ಹಾಗೆ ಸೇರಿಸಿಕೊಂಡವರು ಬಾರಿಯನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಒಂದೇ ಮರದಲ್ಲಿ ಒಂದು ಹಣ್ಣು ಸಕ್ಕರೆ, ಪಕ್ಕದ್ದು ಹುಣಸೆ ಆಗಿರುವುದು ಬಾರಿಯಲ್ಲೇ. ಕಚ್ಚದೆ ತಿಳಿಯುವ ಉಪಾಯವಿಲ್ಲ. ಆ ಶಬರಿ ರಾಮನಿಗಾಗಿ ಕಾದ ಜಾಗವೆಂದು ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳವನ್ನು ಈ ಭಾಗದ ಜನ ತೋರಿಸುತ್ತಾರೆ. ಅಲ್ಲಿ ಶಬರಿಯ ಗುಡಿ ಇದೆ.

ಸಂಕ್ರಾಂತಿಯ ಹೊತ್ತಿನಲ್ಲಿ ಎಳೆಯ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲೆ ಸುರಿಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ಹಣ್ಣೆರೆಯುವುದು ಎಂದು ಅದಕ್ಕೆ ಹೆಸರು. ಗಡಿಯಾಚೆಯ ಮರಾಠಿ ಮನೆಗಳಲ್ಲಿಯೂ ಇದು ‘ಬೋರ್ ನ್ಹಾಣ’ ಎಂಬ ಹೆಸರಿನಲ್ಲಿ ನಡೆಯುತ್ತದೆ. ನೆರೆದ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ವರ್ಷದಲ್ಲಿ ಅತಿ ಹೆಚ್ಚು ಬಾರಿ ಸಿಗುವ ವಾರಗಳಲ್ಲಿಯೇ ಓಣಿಯ ಮಕ್ಕಳ ಜೇಬು ತುಂಬಿಸುವ ಈ ಏರ್ಪಾಡನ್ನು ಮಾಡಿದವರು ಯಾರೋ, ಜೀವಸತ್ವದ ಹೆಸರು ಕೇಳಿದವರಂತೂ ಅಲ್ಲ. ಈಚೆಗೆ ಬಾರಿಯ ಜಾಗವನ್ನು ಚಾಕಲೇಟು ಆಕ್ರಮಿಸುತ್ತಿದೆ. ಕೆಲವು ಮನೆಗಳಲ್ಲಿ ಶಾಸ್ತ್ರಕ್ಕೆ ಐದು ಹಣ್ಣು, ಉಳಿದದ್ದೆಲ್ಲ ಬಣ್ಣದ ಕಾಗದ. ಇನ್ನೊಂದು ಎಚ್ಚರಿಕೆಯೂ ಇಲ್ಲಿ ಅಗತ್ಯ. ಮೂರು-ನಾಲ್ಕು ವರ್ಷದೊಳಗಿನ ಮಗುವಿನ ಕೈಗೆ ಇಡೀ ಬಾರಿಹಣ್ಣು ಕೊಡಬಾರದು. ಓಟೆ ಗಂಟಲಿಗೆ ಸಿಕ್ಕಿಕೊಂಡೀತು. ತಿರುಳು ಬಿಡಿಸಿ ಕೊಡಬೇಕು.

ಬಾರಿಯನ್ನು ಬೆಲ್ಲ, ಉಪ್ಪು, ಮೆಣಸಿನಕಾಯಿ, ಇಂಗು ಹಾಕಿ ಕುಟ್ಟಿ ಬಿಲ್ಲೆ ತಟ್ಟಿ ಒಣಗಿಸುವುದೂ ಉಂಟು. ರುಚಿಗೆ ಎರಡು ಮಾತಿಲ್ಲ. ಆದರೆ ಬಿಸಿಲಿನಲ್ಲಿ ‘ಸಿ’ ಜೀವಸತ್ವ ಬಹುಪಾಲು ಹೋಗುತ್ತದೆ, ಉಪ್ಪು ಉಳಿಯುತ್ತದೆ. ರಕ್ತದೊತ್ತಡ ಇದ್ದವರು ಒಂದಕ್ಕೆ ನಿಲ್ಲಿಸುವುದು ಒಳ್ಳೆಯದು.

ನೇರಳೆಯ ವಿಷಯ ಇಲ್ಲಿ ಬಿಡುವ ಹಾಗಿಲ್ಲ. ಏಕೆಂದರೆ ಬಾರಿಯ ಗುಣ ಯಾರಿಗೂ ಗೊತ್ತಿಲ್ಲ ಎಂಬುದು ತೊಂದರೆಯಾದರೆ, ನೇರಳೆಯ ಗುಣ ಎಲ್ಲರಿಗೂ ಅತಿಯಾಗಿ ಗೊತ್ತಿರುವುದೇ ತೊಂದರೆ. ಸಕ್ಕರೆ ಕಾಯಿಲೆಗೆ ನೇರಳೆ ಬೀಜದ ಪುಡಿ ರಾಮಬಾಣ ಎಂಬ ನಂಬಿಕೆ ಮನೆಮನೆಯಲ್ಲಿದೆ. ಬೀಜದ ಸಾರ ಕೊಟ್ಟಾಗ ಇಲಿಗಳಲ್ಲಿ ರಕ್ತದ ಸಕ್ಕರೆ ಇಳಿದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ, ಸುಳ್ಳಲ್ಲ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ. ಬ್ರೆಜಿಲ್ ದೇಶದಲ್ಲಿಯೂ ನೇರಳೆ ಬೆಳೆಯುತ್ತದೆ, ಅಲ್ಲಿಯೂ ಇದೇ ನಂಬಿಕೆ, ಅಲ್ಲಿನವರು ಎಲೆಯ ಕಷಾಯ ಕುಡಿಯುತ್ತಾರೆ. ಅದನ್ನು ಅಲ್ಲಿನ ವೈದ್ಯರು ಮನುಷ್ಯರ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ, ರಕ್ತದ ಸಕ್ಕರೆಯ ಮೇಲೆ ಪರಿಣಾಮ ಕಾಣಲಿಲ್ಲ ಎಂದು 2000 ಮತ್ತು 2006ರಲ್ಲಿ ಪ್ರಕಟಿಸಿದರು. ಬೀಜದ ಪುಡಿಯನ್ನು ನಂಬಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸಿದರೆ ಕಣ್ಣು, ಮೂತ್ರಪಿಂಡ, ಕಾಲಿನ ಬೆರಳುಗಳು ಬೆಲೆ ತೆರಬೇಕಾಗುತ್ತದೆ. ಮಾತ್ರೆಯ ಜೊತೆಗೇ ಪುಡಿಯನ್ನೂ ತಿನ್ನುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಹಣ್ಣನ್ನು ಹಣ್ಣಾಗಿ ತಿನ್ನಲು ಅಡ್ಡಿಯಿಲ್ಲ. ನೂರು ಗ್ರಾಂಗೆ 62 ಕ್ಯಾಲರಿ, ‘ಸಿ’ ಜೀವಸತ್ವ 18 ಮಿಲಿಗ್ರಾಂ, ಸಿಪ್ಪೆಯಲ್ಲಿ ಪ್ಲಮ್ಮಿನದೇ ಜಾತಿಯ ವರ್ಣದ್ರವ್ಯ. ಪ್ಲಮ್ಮಿಗೆ ಈ ನೆಲದ ಪರ್ಯಾಯ ಬೇಕೆಂದರೆ ಜೂನ್ ತಿಂಗಳಲ್ಲಿ ನಾಲಿಗೆ ನೀಲಿ ಮಾಡುವ ನೇರಳೆಯೇ ಸಾಕು.

ಬೈರಿದೇವರಕೊಪ್ಪ ಇರುವ ಜಾಗವೇ ಒಂದು ಕುತೂಹಲ. ಇಲ್ಲಿಂದ ಪಡುವಣಕ್ಕೆ ಕಲಘಟಗಿ, ಅಳ್ನಾವರ, ಹಳಿಯಾಳದ ಕಡೆ ಹೋದಂತೆ ಮಲೆನಾಡಿನ ಸೆರಗು. ಅದು ನೇರಳೆಯ ಸೀಮೆ. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಹೋದಂತೆ ಎರೆ ಹೊಲ. ಅದು ಬಾರಿಯ ಸೀಮೆ. ಎರಡು ಸೀಮೆ ಕೂಡುವ ಹೊಲಿಗೆಯ ಮೇಲೆ ಈ ಹಳ್ಳಿ ಇತ್ತು, ಈಗ ಮಹಾನಗರದ ಬಡಾವಣೆಗಳ ನಡುವೆ ಇದೆ. ಪುಣೆ-ಬೆಂಗಳೂರು ಹಳೆ ರಸ್ತೆ ಅಗಲವಾಗಿ, 2018ರಲ್ಲಿ ಚಿಗರಿ ಬಸ್ಸಿನ ಓಡಾಟ ಆರಂಭವಾಗುವ ಹೊತ್ತಿಗೆ ರಸ್ತೆಬದಿಯ ಹಳೆಯ ಮರಗಳು ಉರುಳಿದ್ದವು. ಹೊಲಗಳು ಸೈಟುಗಳಾದಾಗ ಮೊದಲು ಹೋಗುವುದು ಬದುವಿನ ಗಿಡ. ಬಾರಿಯನ್ನು ಯಾರೂ ನೆಟ್ಟು ಬೆಳೆಸಿದ್ದಲ್ಲ. ಹಕ್ಕಿ, ನರಿ, ಕುರಿ ಕಾಯುವ ಹುಡುಗರು ಉಗುಳಿದ ಓಟೆಯಿಂದ ಅದು ಬದುವಿನಲ್ಲಿ ತಾನಾಗಿ ಎದ್ದು ನಿಲ್ಲುತ್ತಿತ್ತು. ಬೇಲಿಗೆ ಮುಳ್ಳು, ಆಡಿಗೆ ಸೊಪ್ಪು, ನೇಗಿಲಿಗೆ ಗಟ್ಟಿ ಕಟ್ಟಿಗೆ, ಅರಗಿನ ಹುಳುವಿಗೆ ಆಸರೆ, ಬರಗಾಲದಲ್ಲಿ ಬಡವರ ಹೊಟ್ಟೆಗೆ ಹಣ್ಣು ಇಷ್ಟನ್ನೂ ಕೊಟ್ಟು ಒಂದು ಕೊಡ ನೀರು ಕೇಳದ ಮರ. ಯಾರದೂ ಅಲ್ಲದ ಮರ ಹೋದಾಗ ಯಾರೂ ದೂರು ಕೊಡುವುದಿಲ್ಲ.

ಈಗ ಪೇಟೆಯಲ್ಲಿ ಸೇಬಿನಂತೆ ಕಾಣುವ, ಹಸಿರು ಬಣ್ಣದ ದಪ್ಪ ಬಾರಿ ಬರುತ್ತಿದೆ. ಆ್ಯಪಲ್ ಬೋರ್ ಎನ್ನುತ್ತಾರೆ. ಥಾಯ್ಲೆಂಡ್ ಮೂಲದ ತಳಿ. ಕರುಂ ಎನ್ನುತ್ತದೆ, ಹುಳಿ ಕಡಿಮೆ, ಹುಳುಕೂ ಅಷ್ಟಾಗಿ ಕಾಣದು. ಅದಕ್ಕೂ ಮುಂಚೆ ಉಮ್ರಾನ್‌ನಂಥ ಕಸಿ ತಳಿಗಳು ಒಣ ಸೀಮೆಯ ತೋಟಗಳಿಗೆ ಬಂದಿದ್ದವು. ಬುಟ್ಟಿಯ ಹಣ್ಣು ಪೆಟ್ಟಿಗೆ ಸೇರಿತೆಂದು ಮೂಗು ಮುರಿಯುವವರಿದ್ದಾರೆ. ಆದರೆ ನೀರಿಲ್ಲದ ಹೊಲದ ರೈತನಿಗೆ ಅದರಿಂದ ನಾಲ್ಕು ಕಾಸು ಸಿಗುವುದಾದರೆ ಮೂಗು ಮುರಿಯಲು ಕಾರಣವಿಲ್ಲ. ಸೈಟಿನ ಮೂಲೆಯಲ್ಲಿ ಮುಳ್ಳಿನ ಮರಕ್ಕೆ ಜಾಗವೆಲ್ಲಿ ಎನ್ನುವವರಿಗೂ ಈ ಕಸಿ ಗಿಡಗಳೇ ಅನುಕೂಲ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಟೊಂಗೆ ಸವರಿದರೆ ಗಿಡ ಕೈಯಳತೆಯಲ್ಲೇ ಉಳಿಯುತ್ತದೆ.

ಓಟೆಯಿಂದಲೇ ಬೆಳೆಸುವ ಆಸೆ ಇದ್ದವರಿಗೆ ಒಂದು ವಿಷಯ ಹೇಳಬೇಕು. ಬಾರಿಯ ತಾಯಿಬೇರು ನೇರ ಆಳಕ್ಕೆ ಇಳಿಯುತ್ತದೆ, ಕಿತ್ತು ಬೇರೆಡೆ ನೆಟ್ಟರೆ ಬದುಕುವುದು ಕಷ್ಟ. ಆದ್ದರಿಂದ ಮರ ಎಲ್ಲಿ ಬೇಕೋ ಅಲ್ಲಿಯೇ ಬಿತ್ತಬೇಕು. ಓಟೆಯನ್ನು ಇದ್ದ ಹಾಗೆ ಹಾಕಿದರೆ ಮೊಳೆಯಲು ಮೂರು-ನಾಲ್ಕು ವಾರ ಹಿಡಿಯುತ್ತದೆ. ಮೆಲ್ಲಗೆ ತಟ್ಟಿ ಒಡೆದು ಒಳಗಿನ ಬೀಜವನ್ನು ನೋಯಿಸದೆ ತೆಗೆದು ಹಾಕಿದರೆ ವಾರದಲ್ಲೇ ಮೊಳಕೆ ಕಾಣುತ್ತದೆ. ಸಂಕ್ರಾಂತಿಯಲ್ಲಿ ತಿಂದ ಹಣ್ಣಿನ ಓಟೆಯನ್ನು ತೊಳೆದು ನೆರಳಲ್ಲಿ ಒಣಗಿಸಿ ಇಟ್ಟುಕೊಂಡರೆ, ರೋಹಿಣಿ ಮಳೆಯ ಹೊತ್ತಿಗೆ ಬಿತ್ತಲು ಸಿದ್ಧವಾಗಿರುತ್ತದೆ.